ಬೋಟನ್ನು ಬೇರೆ ಬಂದರಿಗೆ ಒಯ್ಯಬೇಕೆ? ಫಾರ್ವರ್ಡ್ ಸಂದೇಶಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಮೇ ತಿಂಗಳು ಮುಗಿಯುತ್ತ ಬಂದಂತೆ ಕರಾವಳಿಯ ಬೋಟ್ ಮಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಈ ಮಳೆಗಾಲಕ್ಕೆ ಬೋಟನ್ನು ಇಲ್ಲೇ ಕಟ್ಟುವುದೋ, ಬೇರೆ ಬಂದರಿಗೆ ಒಯ್ಯುವುದೋ? ಒಯ್ದರೆ ಮುಂದಿನ ಋತುವಿಗೂ ಅಲ್ಲೇ ಉಳಿಯುವುದೋ? ಪ್ರಶ್ನೆಯ ಬೆನ್ನಿಗೇ ಸಲಹೆಗಳೂ ಬರುತ್ತವೆ. ‘ನದಿಯ ಒಳಗೆ ಕಟ್ಟಿದರೆ ತಳಕ್ಕೆ ಚಿಪ್ಪು ಹಿಡಿಯುವುದಿಲ್ಲ.’ ‘ಆ ಬಂದರಿನಲ್ಲಿ ಹೂಳು ತೆಗೆದಿದ್ದಾರೆ, ಈಗ ನಾಲ್ಕು ಮೀಟರ್ ಆಳ.’ ‘ಒಳಬಂದರಿಗೆ ಚಂಡಮಾರುತ ತಾಗುವುದೇ ಇಲ್ಲ.’ ‘ಅಲ್ಲಿ ಮೀನಿಗೆ ರೇಟು ಜಾಸ್ತಿ.’ ಕೊನೆಗೆ ‘ಎಲ್ಲ ಮಾಲಕರಿಗೂ ತಲುಪಿಸಿ’ ಎಂಬ ಸಾಲು.

ಈ ಮಾತುಗಳಲ್ಲಿ ಪೂರ್ತಿ ಸುಳ್ಳು ಕಡಿಮೆ. ಅರ್ಧ ನಿಜವೇ ಹೆಚ್ಚು, ಮತ್ತು ಅಪಾಯ ಇರುವುದೂ ಅಲ್ಲೇ. ಬೋಟು ಬಹುತೇಕ ಮನೆಗಳಲ್ಲಿ ಸಾಲದ ಮೇಲೆ ನಿಂತ ಆಸ್ತಿ. ಅದರ ಮೇಲೆ ತಂಡೇಲ, ಕಲಾಸಿಗಳು, ಐಸ್ ತುಂಬುವವರು, ಮೀನು ಮಾರುವ ಹೆಂಗಸರು ಎಲ್ಲರ ದಿನಗೂಲಿ ನಿಂತಿದೆ. ಹಾಗಾಗಿ ಈ ಸಲಹೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಅವುಗಳ ಹಿಂದಿನ ವಿಜ್ಞಾನ ಏನು ಹೇಳುತ್ತದೆ ಎಂದು ನಾವಿಲ್ಲಿ ನೋಡಿದ್ದೇವೆ.

ಮೊದಲು ಚುಟುಕಾಗಿ ಉತ್ತರ

ಎಲ್ಲ ಬೋಟಿಗೂ ಒಳ್ಳೆಯದಾದ ಬಂದರು ಎಂಬುದು ಇಲ್ಲ. ನಿಮ್ಮ ಬೋಟು ಮರದ್ದೋ, ಫೈಬರಿನದ್ದೋ, ಉಕ್ಕಿನದ್ದೋ. ಅದು ನೀರೊಳಗೆ ಎಷ್ಟು ಮುಳುಗುತ್ತದೆ. ದಿನವೂ ಹೋಗಿ ಬರುವ ಬೋಟೋ, ವಾರಗಟ್ಟಲೆ ಕಡಲಿನಲ್ಲೇ ಇರುವ ಆಳಸಮುದ್ರ ಬೋಟೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಇನ್ನೊಬ್ಬರ ಬೋಟಿಗೆ ಸರಿಯಾದದ್ದು ನಿಮ್ಮ ಬೋಟಿಗೆ ತಪ್ಪಾಗಬಹುದು.

ಇನ್ನೊಂದು ವಿಷಯ. ಎರಡು ಬೇರೆ ಬೇರೆ ತೀರ್ಮಾನಗಳನ್ನು ಜನ ಒಂದೇ ಎಂದು ಬೆರೆಸಿಬಿಡುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇದೆ. ಆ ಎರಡು ತಿಂಗಳು ಬೋಟನ್ನು ಎಲ್ಲಿ ನಿಲ್ಲಿಸುವುದು ಎಂಬುದು ಒಂದು ಪ್ರಶ್ನೆ. ಆಗಸ್ಟ್‌ನಿಂದ ಮೇವರೆಗೆ ಯಾವ ಬಂದರಿನಿಂದ ದುಡಿಯುವುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬೇಕಿರುವುದು ಸುರಕ್ಷತೆ, ಎರಡನೆಯದಕ್ಕೆ ಸುರಕ್ಷತೆಯ ಜೊತೆಗೆ ಲೆಕ್ಕಾಚಾರವೂ ಬೇಕು.

ಮಾತು 1: ‘ಸಿಹಿನೀರಿನಲ್ಲಿ ಕಟ್ಟಿದರೆ ತಳಕ್ಕೆ ಏನೂ ಹಿಡಿಯುವುದಿಲ್ಲ’

ಅರ್ಧ ನಿಜ.

ಬೋಟಿನ ತಳಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ಬಾರ್ನಕಲ್‌ಗಳು ಉಪ್ಪುನೀರಿನ ಜೀವಿಗಳು. ಮರ ಕೊರೆಯುವ ಹುಳುವೂ ಹಾಗೆಯೇ. ನಾವು ಹುಳು ಎಂದು ಕರೆದರೂ ಅದು ಹುಳುವಲ್ಲ, ಮರುವಾಯಿಯ ದೂರದ ಬಳಗದ ಪ್ರಾಣಿ. ಅದರ ಪುಟ್ಟ ಚಿಪ್ಪೇ ಮರ ಕೊರೆಯುವ ಉಳಿ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದು 10 ಗ್ರಾಂಗಿಂತ ಕೆಳಗಿಳಿದರೆ ಇವುಗಳಲ್ಲಿ ಹೆಚ್ಚಿನವು ಸೊರಗುತ್ತವೆ. ಇಲ್ಲಿಯವರೆಗೆ ಫಾರ್ವರ್ಡ್ ಸರಿಯಾಗಿದೆ.

ಆದರೆ ಅದು ಹೇಳದೆ ಬಿಟ್ಟ ಮಾತುಗಳೂ ಇವೆ.

ಒಂದು, ನಮ್ಮ ಅಳಿವೆಗಳ ನೀರು ವರ್ಷವಿಡೀ ಸಿಹಿಯಾಗಿರುವುದಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿದಾಗ ನೀರು ಸಪ್ಪೆ. ಫೆಬ್ರವರಿಯಿಂದ ಮೇವರೆಗೆ ಹೊಳೆ ಬಡವಾದಾಗ ಉಬ್ಬರದ ಜೊತೆ ಉಪ್ಪುನೀರು ಬಹಳ ದೂರ ಒಳಗೆ ಬರುತ್ತದೆ. ನದಿ ದಡದ ಊರುಗಳಲ್ಲಿ ಬೇಸಿಗೆಗೆ ಬಾವಿ ನೀರು ಉಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಜುಲೈನಲ್ಲಿ ತಳ ಸ್ವಚ್ಛವಾಗಿಡುವ ಜಾಗವೇ ಏಪ್ರಿಲ್‌ನಲ್ಲಿ ಚಿಪ್ಪು ಹಿಡಿಸುತ್ತದೆ.

ಎರಡು, ಉಪ್ಪುನೀರು ಭಾರ, ಸಿಹಿನೀರು ಹಗುರ. ಹಾಗಾಗಿ ಅಳಿವೆಯಲ್ಲಿ ಮೇಲೆ ಸಿಹಿನೀರು ಹರಿಯುತ್ತಿದ್ದರೂ ಅಡಿಯಲ್ಲಿ ಉಪ್ಪುನೀರು ನುಗ್ಗಿರಬಹುದು. ಬಕೆಟ್‌ನಲ್ಲಿ ಮೇಲಿನ ನೀರು ಎತ್ತಿ ನಾಲಿಗೆಗೆ ಹಚ್ಚಿ ನೋಡಿದರೆ ಬೋಟಿನ ಅಡಿಮರ ಯಾವ ನೀರಿನಲ್ಲಿದೆ ಎಂದು ತಿಳಿಯುವುದಿಲ್ಲ.

ಮೂರು, ಮರ ಕೊರೆಯುವ ಪ್ರಾಣಿ ಸುಲಭಕ್ಕೆ ಸಾಯುವಂಥದ್ದಲ್ಲ. ನೀರು ಹಿಡಿಸದಿದ್ದರೆ ಅದು ತನ್ನ ರಂಧ್ರದ ಬಾಯಿಯನ್ನು ಒಳಗಿನಿಂದ ಮುಚ್ಚಿಕೊಂಡು ವಾರಗಟ್ಟಲೆ ಕಾಯಬಲ್ಲದು. ಕೆಲವು ಜಾತಿಗಳಂತೂ ಕಡಿಮೆ ಉಪ್ಪಿನ ಅಳಿವೆ ನೀರಿಗೇ ಒಗ್ಗಿಕೊಂಡಿವೆ. ನಾಲ್ಕು ದಿನ ಸಿಹಿನೀರಿನಲ್ಲಿ ನಿಲ್ಲಿಸಿ ‘ಹುಳು ಸತ್ತಿತು’ ಎಂದುಕೊಳ್ಳುವಂತಿಲ್ಲ. ಬೋಟನ್ನು ದಡಕ್ಕೆ ಎಳೆದು ಪೂರ್ತಿ ಒಣಗಿಸುವುದೇ ನಂಬಿಕೆಯ ದಾರಿ. ಮಳೆಗಾಲಕ್ಕೆ ದೋಣಿಯನ್ನು ಮೇಲೆ ಹಾಕಿ, ಮಡಲಿನ ಚಪ್ಪರ ಕಟ್ಟಿ, ಮೀನೆಣ್ಣೆ ಹಚ್ಚುತ್ತಿದ್ದ ಹಿರಿಯರ ಪದ್ಧತಿಗೆ ಇಂದಿಗೂ ಅರ್ಥ ಇದೆ.

ನಾಲ್ಕು, ಸಿಹಿನೀರಿಗೆ ತನ್ನದೇ ಕೆಡುಕು ಇದೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗದು, ಸಿಹಿನೀರು ಆಗುತ್ತದೆ. ಡೆಕ್ಕಿನ ಸಂದಿಯಲ್ಲಿ ನಿಂತ ಮಳೆನೀರು ಮರವನ್ನು ಮೆಲ್ಲನೆ ತಿನ್ನುತ್ತದೆ. ಉಕ್ಕಿನ ಬೋಟಿನ ಕಥೆ ಬೇರೆ. ತುಕ್ಕಿನಿಂದ ಕಾಪಾಡಲು ತಳಕ್ಕೆ ಕೂರಿಸುವ ಸತುವಿನ ಗಟ್ಟಿಗಳು ಉಪ್ಪುನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ಸಿಹಿನೀರಿನಲ್ಲಿ ಮಂಕಾಗುತ್ತವೆ. ಅಳಿವೆಯ ಬೆರಕೆ ನೀರಿಗೆ ಅಲ್ಯೂಮಿನಿಯಂ ಗಟ್ಟಿ ಹೆಚ್ಚು ಸೂಕ್ತ. ಉಕ್ಕಿನ ಬೋಟನ್ನು ನದಿಯ ಒಳಗೆ ಒಯ್ಯುವ ಮೊದಲು ಇದನ್ನು ಯಾರ್ಡಿನವರಲ್ಲಿ ಕೇಳಿಕೊಳ್ಳಿ.

ಮಾತು 2: ‘ಹೂಳು ತೆಗೆದಿದ್ದಾರೆ, ಈಗ ನಾಲ್ಕು ಮೀಟರ್ ಆಳ’

ಈ ಸಾಲು ಓದಿದ ಕೂಡಲೇ ಮೂರು ಪ್ರಶ್ನೆ ಕೇಳಿ: ಯಾವ ಜಾಗದಲ್ಲಿ? ಯಾವ ಹೊತ್ತಿನಲ್ಲಿ? ಯಾವ ತಿಂಗಳಲ್ಲಿ?

ಕರ್ನಾಟಕದ ಮೀನುಗಾರಿಕೆ ಬಂದರುಗಳಲ್ಲಿ ಬಹುಪಾಲು ಇರುವುದು ಹೊಳೆಯ ಬಾಯಲ್ಲಿ. ಮಂಗಳೂರಿನ ದಕ್ಕೆ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವಲ್ಲಿದೆ. ಮಲ್ಪೆಯದು ಉದ್ಯಾವರ ಹೊಳೆ, ಗಂಗೊಳ್ಳಿಯದು ಪಂಚಗಂಗಾವಳಿ, ಹೊನ್ನಾವರದ್ದು ಶರಾವತಿ, ತದಡಿಯದು ಅಘನಾಶಿನಿ. ಕಾರವಾರದ ಬೈತಖೋಲ ಮಾತ್ರ ಗುಡ್ಡದ ಮರೆಯ ಕೊಲ್ಲಿಯಲ್ಲಿದೆ. ಹೊಳೆಬಾಯಿಯ ಬಂದರಿಗೆ ಒಳಗೆ ಎಷ್ಟು ಆಳ ಇದ್ದರೂ ಬಾಗಿಲು ಒಂದೇ, ಅದು ಅಳಿವೆ. ಅಳಿವೆ ಬಾಗಿಲಿನಲ್ಲಿ ಮರಳಿನ ದಿಬ್ಬ ಬೆಳೆಯುತ್ತದೆ. ಜೆಟ್ಟಿಯ ಬಳಿ ನಾಲ್ಕು ಮೀಟರ್, ಅಳಿವೆಯಲ್ಲಿ ಎರಡೂವರೆ ಮೀಟರ್ ಇದ್ದರೆ, ನಿಮ್ಮ ಬೋಟಿಗೆ ಲೆಕ್ಕ ಎರಡೂವರೆಯದ್ದೇ.

ಒಂದು ಲೆಕ್ಕ ಹಾಕಿ ನೋಡೋಣ. ಲೋಡು ತುಂಬಿದ ನಿಮ್ಮ ಬೋಟು 2 ಮೀಟರ್ ಮುಳುಗುತ್ತದೆ ಎಂದುಕೊಳ್ಳಿ. ಇಳಿತದಲ್ಲಿ ಅಳಿವೆಯ ಆಳ 2.5 ಮೀಟರ್. ಅಡಿಗೆ ಅರ್ಧ ಮೀಟರ್ ನೀರಿದೆ, ಸಾಕಲ್ಲ ಎನಿಸುತ್ತದೆ. ಈಗ ಒಂದೂವರೆ ಮೀಟರ್ ಎತ್ತರದ ಅಲೆ ಬಂತು. ಅಲೆಯ ತಗ್ಗಿನಲ್ಲಿ ನೀರಿನ ಮಟ್ಟ ಸುಮಾರು ಮುಕ್ಕಾಲು ಮೀಟರ್ ಕೆಳಗಿಳಿಯುತ್ತದೆ. ಅರ್ಧ ಮೀಟರ್ ಅಂತರ ಅಲ್ಲಿಗೆ ಮುಗಿಯಿತು. ಬೋಟಿನ ತಳ ಮರಳಿಗೆ ಬಡಿಯುತ್ತದೆ.

ಇನ್ನೂ ಒಂದು ನಿಯಮ ಇದೆ. ಅಲೆಯ ಎತ್ತರ ಅಲ್ಲಿಯ ಆಳದ ಸುಮಾರು ಮುಕ್ಕಾಲು ಭಾಗ ಮುಟ್ಟಿದಾಗ ಅಲೆ ಒಡೆಯುತ್ತದೆ. ಅಂದರೆ 2.5 ಮೀಟರ್ ಆಳದ ಅಳಿವೆಯಲ್ಲಿ 2 ಮೀಟರ್ ಅಲೆ ಬಾಗಿಲಲ್ಲೇ ಒಡೆಯುತ್ತದೆ. ಇಳಿತದ ನೀರು ಹೊರಗೆ ರಭಸದಿಂದ ಹರಿಯುತ್ತಿರುವಾಗ ಎದುರಿನಿಂದ ಅಲೆ ಬಂದರೆ ಅದು ಇನ್ನಷ್ಟು ಕಡಿದಾಗುತ್ತದೆ. ಇಳಿತದ ಹೊತ್ತಿನಲ್ಲಿ ಅಳಿವೆ ದಾಟಬೇಡಿ ಎಂದು ಹಿರಿಯ ತಂಡೇಲರು ಹೇಳುವುದರ ಹಿಂದೆ ಇರುವುದು ಇದೇ ವಿಜ್ಞಾನ.

ನಮ್ಮ ಕರಾವಳಿಯಲ್ಲಿ ಉಬ್ಬರ ಮತ್ತು ಇಳಿತದ ನಡುವಿನ ವ್ಯತ್ಯಾಸ ದೊಡ್ಡದಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಒಂದೂವರೆ ಮೀಟರ್ ಅಕ್ಕಪಕ್ಕ. ಅಷ್ಟಮಿಯ ಹೊತ್ತಿಗೆ ಅದಕ್ಕಿಂತ ಬಹಳ ಕಡಿಮೆ. ಹುಣ್ಣಿಮೆಯ ಉಬ್ಬರದಲ್ಲಿ ಸಲೀಸಾಗಿ ಒಳಬಂದ ಬೋಟು ವಾರದ ನಂತರ ಉಬ್ಬರದಲ್ಲೂ ತಳ ಸವರಬಹುದು.

ಹೂಳಿನ ವಿಷಯಕ್ಕೆ ಬಂದರೆ, ತೆಗೆದ ಹೂಳು ಮತ್ತೆ ತುಂಬುತ್ತದೆ. ಅಲೆಗಳು ಮರಳನ್ನು ದಡದ ಉದ್ದಕ್ಕೂ ಸಾಗಿಸುತ್ತಲೇ ಇರುತ್ತವೆ, ಮಳೆಗಾಲದ ಹೊಳೆ ಘಟ್ಟದ ಮಣ್ಣನ್ನು ಹೊತ್ತು ತರುತ್ತದೆ. ಜನವರಿಯಲ್ಲಿ ಅಳೆದ ಆಳವನ್ನು ನಂಬಿ ಆಗಸ್ಟ್‌ನಲ್ಲಿ ಅಳಿವೆ ದಾಟುವುದು ಹಳೆಯ ಹವಾಮಾನ ವರದಿ ಓದಿ ಕಡಲಿಗಿಳಿದಂತೆ. ಹೊಸ ಅಳತೆಯನ್ನು ಬಂದರು ಇಲಾಖೆಯಲ್ಲಿ ಕೇಳಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮಷ್ಟೇ ಮುಳುಗುವ ಬೋಟನ್ನು ಅಲ್ಲಿಂದ ದಿನವೂ ಓಡಿಸುವ ತಂಡೇಲರನ್ನು ಕೇಳಿ.

ಮಾತು 3: ‘ಒಳಬಂದರಿಗೆ ಚಂಡಮಾರುತ ತಾಗುವುದಿಲ್ಲ’

ತಪ್ಪು ಅಭಿಪ್ರಾಯ.

ಒಳಬಂದರಿನಲ್ಲಿ ಕಡಲಿನ ದೊಡ್ಡ ಅಲೆ ಬರುವುದಿಲ್ಲ ಎಂಬುದು ನಿಜ. ಆದರೆ ಚಂಡಮಾರುತ ಎಂದರೆ ಅಲೆ ಮಾತ್ರವಲ್ಲ. ಗಾಳಿ, ಏರುವ ನೀರು, ಹೊಳೆಯ ನೆರೆ ಇವು ಒಳಗೂ ಬರುತ್ತವೆ.

ಗಾಳಿಯ ವೇಗ ಎರಡು ಪಟ್ಟಾದರೆ ಬೋಟಿನ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿ.ಮೀ. ಗಾಳಿಗೆ ತಡೆದ ಹಗ್ಗ 80 ಕಿ.ಮೀ. ಗಾಳಿಗೆ ನಾಲ್ಕು ಪಟ್ಟು ಭಾರ ಹೊರಬೇಕು. ನೀರಿನ ಸೆಳೆತಕ್ಕೂ ಇದೇ ಲೆಕ್ಕ. ಮಳೆಗಾಲದಲ್ಲಿ ಹೊಳೆ ಉಕ್ಕಿ ಹರಿಯುವಾಗ ನದಿಯ ಒಳಗೆ ಕಟ್ಟಿದ ಬೋಟಿಗೆ ಕಡಲಿಗಿಂತ ಹೊಳೆಯೇ ದೊಡ್ಡ ಶತ್ರು. ತೇಲಿ ಬರುವ ಮರದ ದಿಮ್ಮಿಯೂ ಹೊಳೆಯದ್ದೇ ಅಪಾಯ.

ಒಂದು ಬೋಟಿನ ಹಗ್ಗ ಕಡಿದರೆ ಅದು ಪಕ್ಕದ ಬೋಟಿಗೆ ಬಡಿಯುತ್ತದೆ, ಅದರ ಹಗ್ಗವೂ ಕಡಿಯುತ್ತದೆ. ಸಾಲುಸಾಲಾಗಿ ಕಟ್ಟಿದ ಬಂದರಿನಲ್ಲಿ ನಿಮ್ಮ ಬೋಟಿನ ಸುರಕ್ಷತೆ ಪಕ್ಕದ ಬೋಟಿನ ಹಗ್ಗದ ಮೇಲೂ ನಿಂತಿದೆ. ಹಗ್ಗ ತೀರಾ ಬಿಗಿಯಾಗಿದ್ದರೂ ಕಷ್ಟ. ನೀರು ಏರಿದಾಗ ಬೋಟು ಏರಲಾಗದೆ ವಾಲುತ್ತದೆ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯಲ್ಲಿ ನೆಲ ಮುಟ್ಟಲೇ ಇಲ್ಲ. ಕಡಲಿನಲ್ಲೇ ಬಡಗು ದಿಕ್ಕಿಗೆ ಸಾಗಿ ಮೇ 17ರ ರಾತ್ರಿ ಗುಜರಾತ್ ತಲುಪಿತು. ಹಾಗಿದ್ದೂ ಕರ್ನಾಟಕದ ದಡದಲ್ಲಿ ಮನೆ, ರಸ್ತೆ, ದೋಣಿಗಳಿಗೆ ಹಾನಿಯಾಯಿತು. ಚಂಡಮಾರುತದ ಕಣ್ಣು ದೂರ ಇದೆ ಎಂದರೆ ಬೋಟು ಕ್ಷೇಮ ಎಂದಲ್ಲ. ಅದು ಬಂದ ಕಾಲವನ್ನೂ ಗಮನಿಸಿ: ಮೀನುಗಾರಿಕೆ ನಿಷೇಧ ಶುರುವಾಗಲು ಇನ್ನೂ ಎರಡು ವಾರ ಇತ್ತು. ಬೋಟು ಸ್ಥಳಾಂತರಿಸುವ ತೀರ್ಮಾನವನ್ನು ಮೇ ಕೊನೆಯ ವಾರಕ್ಕೆ ಉಳಿಸಿಕೊಂಡರೆ, ಕಡಲು ಅಷ್ಟು ಹೊತ್ತು ಕಾಯದೇ ಇರಬಹುದು.

ಮಾತು 4: ‘ಜಾಗ ಇಕ್ಕಟ್ಟಾದರೇನು, ಎಲ್ಲರೂ ಒಟ್ಟಿಗಿದ್ದರೆ ಧೈರ್ಯ’

ಕಳ್ಳತನದ ಮಟ್ಟಿಗೆ ಇದು ಸರಿ ಇರಬಹುದು. ಬೆಂಕಿಯ ಮಟ್ಟಿಗೆ ಪೂರ್ತಿ ವಿರುದ್ಧ.

2023ರ ನವೆಂಬರ್ 13ರಂದು, ದೀಪಾವಳಿಯ ದಿನಗಳಲ್ಲೇ, ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ಬೋಟುಗಳು ಬೆಂಕಿಗೆ ಸುಟ್ಟವು. ಅದಾಗಿ ಒಂದೇ ವಾರಕ್ಕೆ ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನಲ್ಲಿ ರಾತ್ರಿ ಹೊತ್ತಿನಲ್ಲಿ ಹೊತ್ತಿದ ಬೆಂಕಿ ಬೋಟಿನಿಂದ ಬೋಟಿಗೆ ಹಾರಿ ಹತ್ತಾರು ಬೋಟುಗಳನ್ನು ನುಂಗಿತು. ಕಾರಣ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಮರ, ಫೈಬರ್, ನೈಲಾನ್ ಬಲೆ, ಡೀಸೆಲ್, ಅಡುಗೆ ಗ್ಯಾಸ್ ಸಿಲಿಂಡರ್ ಎಲ್ಲವೂ ಒಂದೇ ಕಡೆ ಇರುವ ವಸ್ತು ಬೋಟು. ಅಂಥವು ಮೈಗೆ ಮೈ ತಾಗಿ ನಿಂತರೆ ಒಂದರ ಬೆಂಕಿ ಎಲ್ಲದರದ್ದೂ ಆಗುತ್ತದೆ.

ಬಂದರು ನೋಡಲು ಹೋದಾಗ ಇವನ್ನು ಕಣ್ಣಾರೆ ನೋಡಿ. ಎಷ್ಟು ಸಾಲು ಬೋಟುಗಳನ್ನು ಒಂದರ ಪಕ್ಕ ಒಂದು ಕಟ್ಟಿದ್ದಾರೆ? ಅಗ್ನಿಶಾಮಕ ವಾಹನ ಜೆಟ್ಟಿಯವರೆಗೆ ಬರಲು ದಾರಿ ಇದೆಯೇ? ರಾತ್ರಿ ಕಾವಲು ಇದೆಯೇ? ನಿಮ್ಮ ಬೋಟು ನಡುಸಾಲಿನಲ್ಲಿದ್ದರೆ ಬಿಡಿಸಿ ಹೊರತರಲು ಎಷ್ಟು ಹೊತ್ತು ಬೇಕು? ಬೋಟನ್ನು ನಿಲ್ಲಿಸಿ ಹೋಗುವಾಗ ಸಿಲಿಂಡರ್ ಇಳಿಸುವುದು ಮತ್ತು ಬ್ಯಾಟರಿಯ ಸಂಪರ್ಕ ತಪ್ಪಿಸುವುದು ಯಾವ ಬಂದರಿನಲ್ಲಾದರೂ ತಪ್ಪದೆ ಮಾಡಬೇಕಾದ ಕೆಲಸ.

ಮಾತು 5: ‘ಅಲ್ಲಿ ರೇಟು ಜಾಸ್ತಿ, ಹೋದರೆ ಲಾಭ’

ಇದಕ್ಕೆ ಹೌದು, ಇಲ್ಲ ಎಂಬ ಉತ್ತರವಿಲ್ಲ. ಲೆಕ್ಕ ಹಾಕಬೇಕು. ಮಲ್ಪೆಯಿಂದ ಗಂಗೊಳ್ಳಿ ಕಡಲ ದಾರಿಯಲ್ಲಿ ಸುಮಾರು 33 ಕಿ.ಮೀ., ಮಂಗಳೂರು ಸುಮಾರು 55 ಕಿ.ಮೀ. ಒಂದು ಸಲ ಬೋಟನ್ನು ಒಯ್ಯುವ ಖರ್ಚು ದೊಡ್ಡದಲ್ಲ. ದೊಡ್ಡದು ಪ್ರತಿ ಟ್ರಿಪ್ಪಿನ ಖರ್ಚು.

ಹೊಸ ಬಂದರಿನಿಂದ ನೀವು ಮೀನು ಹಿಡಿಯುವ ಜಾಗಕ್ಕೆ ಒಂದು ಗಂಟೆ ಹೆಚ್ಚು ದಾರಿ ಎಂದುಕೊಳ್ಳಿ. ದಿನವೂ ಹೋಗಿ ಬರುವ ಬೋಟು ತಿಂಗಳಿಗೆ 20 ದಿನ ಹೋದರೆ 40 ಗಂಟೆ ಹೆಚ್ಚುವರಿ ಓಟ. ಗಂಟೆಗೆ 15 ಲೀಟರ್‌ನಂತೆ 600 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೆ 54,000 ರೂಪಾಯಿ. ಕಿಲೋಗೆ 5 ರೂಪಾಯಿ ಹೆಚ್ಚು ಸಿಕ್ಕರೂ ಈ ಹಣ ವಾಪಸ್ ಬರಲು ತಿಂಗಳಿಗೆ 10,800 ಕಿಲೋ ಮೀನು ಮಾರಬೇಕು, ಅಂದರೆ ದಿನಕ್ಕೆ 540 ಕಿಲೋ.

ಅದೇ ಆಳಸಮುದ್ರ ಬೋಟು ತಿಂಗಳಿಗೆ ಮೂರು ಟ್ರಿಪ್ ಮಾಡಿದರೆ ಹೆಚ್ಚುವರಿ ಓಟ 6 ಗಂಟೆ. ಗಂಟೆಗೆ 25 ಲೀಟರ್ ಸುಟ್ಟರೂ 150 ಲೀಟರ್, 13,500 ರೂಪಾಯಿ. ಟ್ರಿಪ್ಪಿಗೆ 900 ಕಿಲೋ ಮೀನಿಗೆ 5 ರೂಪಾಯಿ ಹೆಚ್ಚು ಸಿಕ್ಕರೆ ಸರಿಹೋಯಿತು. ಒಂದೇ ಬಂದರು, ಒಂದೇ ರೇಟು. ಒಂದು ಬೋಟಿಗೆ ನಷ್ಟ, ಇನ್ನೊಂದಕ್ಕೆ ಲಾಭ. ಇಲ್ಲಿರುವ ಅಂಕಿಗಳು ಉದಾಹರಣೆಗೆ ಮಾತ್ರ. ಅವುಗಳ ಜಾಗದಲ್ಲಿ ನಿಮ್ಮ ಬೋಟಿನ ಅಂಕಿ ಹಾಕಿ ನೋಡಿ.

ಲೆಕ್ಕದಲ್ಲಿ ಬಿಟ್ಟುಹೋಗುವ ಬಾಬತ್ತುಗಳೂ ಇವೆ. ಐಸ್ ಸಿಗುತ್ತದೆಯೇ, ಹರಾಜಿಗೆ ಎಷ್ಟು ಹೊತ್ತು ಕಾಯಬೇಕು, ಇಂಜಿನ್ ಕೆಟ್ಟರೆ ಮೆಕ್ಯಾನಿಕ್ ಎಲ್ಲಿಂದ ಬರಬೇಕು, ಸ್ಲಿಪ್‌ವೇ ಇದೆಯೇ, ಕಲಾಸಿಗಳು ಎಲ್ಲಿ ಉಳಿಯುತ್ತಾರೆ? ನಿಮ್ಮ ಬೋಟಿನ ಮೀನನ್ನೇ ನಂಬಿದ ಮಾರಾಟದ ಹೆಂಗಸರು, ಕಷ್ಟಕಾಲದಲ್ಲಿ ಕೈಸಾಲ ಕೊಟ್ಟ ವ್ಯಾಪಾರಿ, ನಿಮ್ಮ ಬೋಟಿನ ಮರ್ಜಿ ಗೊತ್ತಿರುವ ತಂಡೇಲ ಇವರೆಲ್ಲ ಹೊಸ ಬಂದರಿಗೆ ಜೊತೆಗೆ ಬರುವುದಿಲ್ಲ. ಹೊಸ ಜಾಗದಲ್ಲಿ ಇವನ್ನೆಲ್ಲ ಮೊದಲಿನಿಂದ ಕಟ್ಟಬೇಕು.

ಕಾಗದಪತ್ರ ಮರೆಯಬೇಡಿ

ಬೋಟಿನ ನೋಂದಣಿ ಪತ್ರದಲ್ಲಿ ನೆಲೆಬಂದರು ಯಾವುದೆಂದು ನಮೂದಾಗಿರುತ್ತದೆ. ಶಾಶ್ವತವಾಗಿ ಸ್ಥಳಾಂತರಿಸುವುದಾದರೆ ಮೀನುಗಾರಿಕೆ ಇಲಾಖೆಯ ಕಚೇರಿಗೆ ಮೊದಲೇ ಹೋಗಿ. ತೆರಿಗೆ ರಿಯಾಯಿತಿಯ ಡೀಸೆಲ್ ಹೊಸ ಬಂದರಿನ ಯಾವ ಬಂಕಿನಲ್ಲಿ, ಯಾವಾಗಿನಿಂದ ಸಿಗುತ್ತದೆ ಎಂಬುದನ್ನೂ ಆಗಲೇ ಕೇಳಿ. ವಿಮೆ ಇದ್ದರೆ ಪಾಲಿಸಿಯನ್ನು ಪೂರ್ತಿ ಓದಿ. ಬೋಟು ಎಲ್ಲಿರಬೇಕು, ನಿಲ್ಲಿಸಿಟ್ಟ ದಿನಗಳಲ್ಲಿ ಏನು ಷರತ್ತು ಎಂಬುದು ಅದರಲ್ಲಿರುತ್ತದೆ. ವಿಮಾ ಕಂಪನಿಗೆ ತಿಳಿಸದೆ ಜಾಗ ಬದಲಿಸಿದರೆ, ನಷ್ಟವಾದ ದಿನ ಅದೇ ತಕರಾರಿಗೆ ಕಾರಣವಾಗಬಹುದು. ತಿಳಿಸುವುದು ಪತ್ರದ ಮೂಲಕವೇ ಇರಲಿ, ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಒಯ್ಯುವ ತೀರ್ಮಾನವಾದರೆ ನಿಷೇಧ ಶುರುವಾಗುವ ಮೊದಲೇ, ಹಗಲಿನಲ್ಲಿ, ಉಬ್ಬರ ಏರುತ್ತಿರುವ ಹೊತ್ತಿಗೆ ಹೊಸ ಅಳಿವೆ ತಲುಪುವಂತೆ ಹೊರಡಿ. ಆ ಅಳಿವೆ ಗೊತ್ತಿರುವ ಒಬ್ಬರು ಬೋಟಿನಲ್ಲಿರಲಿ. ಲೈಫ್ ಜಾಕೆಟ್ ಎಲ್ಲರ ಮೈಮೇಲೆ ಇರಲಿ, ಕ್ಯಾಬಿನ್‌ನ ಮೂಲೆಯಲ್ಲಿ ಅಲ್ಲ. ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆ ಕಡಲಿನ ಅಲೆ ಮತ್ತು ಗಾಳಿಯ ಮುನ್ಸೂಚನೆ ಕೊಡುತ್ತದೆ, ಹವಾಮಾನ ಇಲಾಖೆ ಬಂದರುಗಳಿಗೆ ಎಚ್ಚರಿಕೆ ಸಂಕೇತ ಕೊಡುತ್ತದೆ. 3ನೇ ಸಂಖ್ಯೆಯ ಸಂಕೇತ ಏರಿದೆ ಎಂದರೆ ಅಪಾಯ ಆ ಬಂದರಿಗೇ ಸಂಬಂಧಿಸಿದ್ದು ಎಂದರ್ಥ. ಆ ದಿನ ಹೊರಡಬೇಡಿ. ಕಡಲಿನಲ್ಲಿ ಅಪಾಯಕ್ಕೆ ಸಿಕ್ಕರೆ ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554.

ತೀರ್ಮಾನಕ್ಕೆ ಮೊದಲು ಏಳು ಪ್ರಶ್ನೆ

1. ಲೋಡು ತುಂಬಿದಾಗ ನನ್ನ ಬೋಟು ಎಷ್ಟು ಮುಳುಗುತ್ತದೆ? ಆ ಅಳಿವೆಯಲ್ಲಿ ಇಳಿತದ ಆಳ ಎಷ್ಟು, ಅಳೆದದ್ದು ಯಾವಾಗ?
2. ಆ ಜಾಗದ ನೀರು ಮಳೆಗಾಲದಲ್ಲಿ ಹೇಗೆ, ಬೇಸಿಗೆಯಲ್ಲಿ ಹೇಗೆ? ನನ್ನ ಬೋಟಿನ ತಳಕ್ಕೆ ಅದು ಹೊಂದುತ್ತದೆಯೇ?
3. ಹೊಳೆ ಉಕ್ಕಿದಾಗ ಸೆಳೆತ ಎಷ್ಟು? ಹಗ್ಗ ಕಟ್ಟುವ ಕಂಬಗಳು ಗಟ್ಟಿ ಇವೆಯೇ?
4. ಬೆಂಕಿ ಹೊತ್ತಿದರೆ ನನ್ನ ಬೋಟನ್ನು ಹೊರತರಲು ದಾರಿ ಇದೆಯೇ?
5. ತಿಂಗಳಿಗೆ ಎಷ್ಟು ಟ್ರಿಪ್? ಹೆಚ್ಚುವರಿ ಡೀಸೆಲ್ ಎಷ್ಟು, ಹೆಚ್ಚುವರಿ ರೇಟು ಎಷ್ಟು?
6. ನೋಂದಣಿ, ಡೀಸೆಲ್, ವಿಮೆ ಈ ಮೂರರ ಕಾಗದ ಸರಿಯಾಗಿದೆಯೇ?
7. ತಂಡೇಲ ಮತ್ತು ಕಲಾಸಿಗಳು ಏನು ಹೇಳುತ್ತಾರೆ? ಅಳಿವೆ ದಾಟುವವರು ಅವರೇ.

ಏಳಕ್ಕೂ ಉತ್ತರ ಸಿಕ್ಕ ಮೇಲೆ ‘ಇಲ್ಲೇ ಇರುವುದು ಒಳ್ಳೆಯದು’ ಎನಿಸಿದರೆ ಅದೂ ಸರಿಯಾದ ತೀರ್ಮಾನವೇ.

ಫಾರ್ವರ್ಡ್ ಮಾಡುವ ಮೊದಲು

ಬಂದರಿನ ಬಗ್ಗೆ ಸಂದೇಶ ಬಂದರೆ ಅದರಲ್ಲಿ ದಿನಾಂಕ ಇದೆಯೇ, ಜಾಗದ ಹೆಸರು ಇದೆಯೇ, ಯಾವ ಬಗೆಯ ಬೋಟಿಗೆ ಹೇಳಿದ್ದು ಎಂದು ಇದೆಯೇ ನೋಡಿ. ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ನಾಲ್ಕು ಮೀಟರ್ ಆಳ ಇದೆ ಎಂಬ ಕಳೆದ ವರ್ಷದ ಸಾಲನ್ನು ನಂಬಿ ಈ ವರ್ಷ ಯಾರೋ ರಾತ್ರಿ ಹೊತ್ತು ಅಳಿವೆಗೆ ಬೋಟು ತಿರುಗಿಸಬಹುದು. ಆ ಬೋಟಿನಲ್ಲಿ ಏಳೆಂಟು ಜನ ಇರುತ್ತಾರೆ.